ಮಕ್ಕಳು ಪಾರ್ಕಿಗೆ ಹೋದರು, ಸಿಪಿಎಸ್ ಮನೆಗೆ ಬಂತು

ಟೆಕ್ಸಾಸ್‌ನಲ್ಲಿ ಮಕ್ಕಳು ದೊಡ್ಡವರಿಲ್ಲದೆ ಹೊರಗೆ ಆಡಲು ಇಷ್ಟು ವಯಸ್ಸಾಗಿರಬೇಕು ಅಂತ ಕಾನೂನಿಲ್ಲ. ಮನೆಯಲ್ಲಿ ಒಬ್ಬರೇ ಇರಲೂ ವಯಸ್ಸಿನ ಗಡಿ ಇಲ್ಲ. ಕಾರಿನ ವಿಷಯದಲ್ಲಿ ಮಾತ್ರ ಅಂಕಿ ಹಾಕಿ ಬರೆದಿದ್ದಾರೆ. 7 ವರ್ಷ ತುಂಬದ ಮಗುವನ್ನು 5 ನಿಮಿಷಕ್ಕಿಂತ ಜಾಸ್ತಿ ಹೊತ್ತು ಕಾರಿನಲ್ಲಿ ಬಿಟ್ಟು ಹೋಗಬಾರದು, ಬಿಡುವುದಾದರೆ ಜೊತೆಗೆ 14 ತುಂಬಿದ ಒಬ್ಬರಾದರೂ ಇರಬೇಕು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಮಕ್ಕಳನ್ನು ಪಾರ್ಕಿಗೆ ಕಳಿಸುತ್ತಿದ್ದೆ. ಆದರೂ ಏಪ್ರಿಲ್ ತಿಂಗಳ ಒಂದು ಸಂಜೆ ಪೊಲೀಸ್ ಕಾರು ನಮ್ಮ ಮನೆ ಮುಂದೆ ನಿಂತಿತು. ಅದರ ಹಿಂದೆಯೇ ಸಿಪಿಎಸ್ ಬಂತು.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಸಿಪಿಎಸ್ ಅಂದರೆ ಚೈಲ್ಡ್ ಪ್ರೊಟೆಕ್ಟಿವ್ ಸರ್ವೀಸಸ್. ಮಕ್ಕಳಿಗೆ ಹಿಂಸೆ ಆಗುತ್ತಿದೆ, ಅಪ್ಪ ಅಮ್ಮ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಯಾರಾದರೂ ದೂರು ಕೊಟ್ಟರೆ ವಿಚಾರಿಸಲು ಬರುವ ಸರ್ಕಾರಿ ವ್ಯವಸ್ಥೆ. ಇಲ್ಲಿರುವ ನಮ್ಮವರಿಗೆ ಈ ಹೆಸರು ಕೇಳಿದರೇ ಕೈಕಾಲು ತಣ್ಣಗಾಗುತ್ತದೆ. 2011ರಲ್ಲಿ ನಾರ್ವೆಯಲ್ಲಿ ಒಂದು ಭಾರತೀಯ ಕುಟುಂಬದ ಇಬ್ಬರು ಮಕ್ಕಳನ್ನು ಅಲ್ಲಿನ ಇಲಾಖೆಯವರು ಕರೆದುಕೊಂಡು ಹೋಗಿದ್ದರಲ್ಲ, ಅದನ್ನು ಯಾರೂ ಮರೆತಿಲ್ಲ. ಅದು ಬೇರೆ ದೇಶ, ಬೇರೆ ಕಾನೂನು, ನಿಜ. ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಈ ವ್ಯತ್ಯಾಸ ಯಾರ ತಲೆಗೂ ಹೊಳೆಯುವುದಿಲ್ಲ.

ನಾವಿರುವುದು ಡಲ್ಲಾಸ್‌ಗೆ ಉತ್ತರದ ಒಂದು ಊರಿನಲ್ಲಿ. ಒಂದೇ ಥರದ ಇಟ್ಟಿಗೆ ಮನೆಗಳು, ಮನೆಗೆರಡು ಕಾರು, ಉದ್ದಕ್ಕೂ ಚೆನ್ನಾಗಿ ಕಟ್ಟಿಸಿದ ಫುಟ್‌ಪಾತ್. ಅದರ ಮೇಲೆ ನಾಯಿ ಓಡಾಡಿಸುವವರನ್ನು ಬಿಟ್ಟರೆ ಜನವೇ ಇಲ್ಲ. ಅರ್ಧ ಮೈಲಿ ದೂರದ ಶಾಲೆಗೂ ಮಕ್ಕಳು ಕಾರಿನಲ್ಲೇ ಹೋಗುತ್ತಾರೆ. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಕಾರಿನ ಸಾಲು ರಸ್ತೆ ತಿರುವು ದಾಟಿ ನಿಂತಿರುತ್ತದೆ. ಒಳಗೆ ಕೂತ ಅಮ್ಮಂದಿರು ಫೋನ್ ನೋಡುತ್ತಿರುತ್ತಾರೆ. ನಾನೂ ಆ ಸಾಲಿನಲ್ಲಿ ಕೂತಿದ್ದವಳೇ.

ಮಗನಿಗೆ 9 ವರ್ಷ, ಮಗಳಿಗೆ 6. ಪಾರ್ಕ್ ನಮ್ಮ ಮನೆಯಿಂದ ಮೂರು ಬೀದಿ ಆಚೆ. ಮಧ್ಯೆ ಒಂದೇ ಒಂದು ರಸ್ತೆ ದಾಟಬೇಕು, ಅಲ್ಲೂ ಸ್ಟಾಪ್ ಸೈನ್ ಇದೆ. ಪಾರ್ಕಿನ ಹಿಂದೆ ಒಂದು ಸಣ್ಣ ಹಳ್ಳ ಹರಿಯುತ್ತದೆ. ಮಳೆ ಬಂದ ಮೇಲೆ ಒಂದೆರಡು ದಿನ ನೀರು, ಆಮೇಲೆ ಬರೀ ಕಲ್ಲು ಮತ್ತು ಆಮೆ. ಅಣ್ಣ ತಂಗಿ ಜೊತೆಗಿರಬೇಕು, ಮಳೆಯಾದ ದಿನ ಹಳ್ಳಕ್ಕೆ ಇಳಿಯಬಾರದು, ಆರೂವರೆಗೆ ಮನೆಯಲ್ಲಿರಬೇಕು. ನಿಯಮ ಇಷ್ಟೇ. ಮೊದಮೊದಲು ನಾನೇ ಜೊತೆಗೆ ಹೋಗುತ್ತಿದ್ದೆ. ಆಮೇಲೆ ಸ್ವಲ್ಪ ಹಿಂದೆ ನಡೆದೆ. ಆಮೇಲೆ ತಿರುವಿನ ತನಕ ಬಂದು ನಿಂತೆ. ಕೊನೆಗೆ ಅವರೇ ಹೋಗಿ ಬಂದರು.

ಆಗ ಅತ್ತೆ ತಿಪಟೂರಿನಿಂದ ಬಂದಿದ್ದರು. ಮಕ್ಕಳು ಟಿವಿ ಮುಂದೆ ಕೂತರೆ ಅವರಿಗೆ ಆಗುವುದಿಲ್ಲ. "ಹೋಗ್ರೋ, ದೀಪ ಹಚ್ಚೋ ಹೊತ್ತಿನ ತನಕ ಹೊರಗೆ ಆಡ್ಕೊಂಡು ಬನ್ನಿ" ಅಂತ ಅವರೇ ಓಡಿಸುತ್ತಿದ್ದರು.

ಆ ಸಂಜೆ ಆರು ಗಂಟೆಗೆ ಬಾಗಿಲು ತೆಗೆದರೆ ಇಬ್ಬರು ಮಕ್ಕಳ ಹಿಂದೆ ಒಬ್ಬ ಪೊಲೀಸ್ ಆಫೀಸರ್. ಮಗಳ ಒಂದು ಕೈಯಲ್ಲಿ ಒದ್ದೆ ಶೂ, ಇನ್ನೊಂದು ಕೈಯಲ್ಲಿ ಆಫೀಸರ್ ಕೊಟ್ಟ ಸ್ಟಿಕ್ಕರ್. ಆತ ಒರಟಾಗಿ ಮಾತಾಡಲಿಲ್ಲ. ದೊಡ್ಡವರಿಲ್ಲದೆ ಇಬ್ಬರು ಚಿಕ್ಕ ಮಕ್ಕಳು ನೀರಿನ ಹತ್ತಿರ ಇದ್ದಾರೆ ಅಂತ ಯಾರೋ ಫೋನ್ ಮಾಡಿದರಂತೆ. ಯಾರು ಅಂತ ಕೇಳಿದೆ, ಹೇಳಲಿಲ್ಲ. ನನ್ನ ಹೆಸರು, ಗಂಡನ ಹೆಸರು, ನಾಲ್ವರ ಹುಟ್ಟಿದ ದಿನ ಬರೆದುಕೊಂಡರು. ಮಕ್ಕಳು ಅಲ್ಲಿರುವುದು ನನಗೆ ಗೊತ್ತಿತ್ತಾ ಅಂತ ಕೇಳಿದರು. ಗೊತ್ತಿತ್ತು, ನಾನೇ ಕಳಿಸಿದ್ದು ಅಂದೆ. ಅದನ್ನೂ ಬರೆದುಕೊಂಡರು. ರಿಪೋರ್ಟ್ ಕಳಿಸಬೇಕಾಗುತ್ತದೆ, ಮುಂದಿನದನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಅಂತ ಹೇಳಿ ಹೊರಟರು.

ಅತ್ತೆ ಬಾಗಿಲ ಸಂದಿಯಿಂದ ಎಲ್ಲ ನೋಡಿದ್ದರು. "ಏನಂತಮ್ಮಾ ಅವನದು? ಮಕ್ಕಳು ಏನಾದ್ರೂ ಕದ್ದರಂತಾ?"

"ಇಲ್ಲ ಅತ್ತೆ. ಪಾರ್ಕಿನಲ್ಲಿ ಇಬ್ಬರೇ ಇದ್ದರಂತೆ, ಅದಕ್ಕೆ."

"ಮತ್ತೆ ಪಾರ್ಕ್ ಮಾಡಿರೋದು ಯಾರಿಗೆ? ನಾಯಿಗಳಿಗಾ?"

ಈ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ.

ಟೆಕ್ಸಾಸ್‌ನಲ್ಲಿ ಮಗುವಿಗೆ ತೊಂದರೆ ಆಗುತ್ತಿದೆ ಅನ್ನಿಸಿದರೆ ದೂರು ಕೊಡುವುದು ಪ್ರತಿಯೊಬ್ಬರ ಕರ್ತವ್ಯ ಅಂತ ಕಾನೂನೇ ಹೇಳುತ್ತದೆ. ಡಾಕ್ಟರು, ಟೀಚರು ಮಾತ್ರ ಅಲ್ಲ, ದಾರಿಯಲ್ಲಿ ಹೋಗುವವರೂ ಸೇರಿ. 2023ರಿಂದ ಹೆಸರು ಹೇಳದೆ ದೂರು ಕೊಡಲು ಆಗುವುದಿಲ್ಲ. ಫೋನ್ ಮಾಡಿದವರ ಹೆಸರು, ನಂಬರ್ ಇಲಾಖೆ ಹತ್ತಿರ ಇರುತ್ತದೆ. ನಮಗೆ ಮಾತ್ರ ಹೇಳುವುದಿಲ್ಲ. ಒಳ್ಳೆಯದೇ ಆಯಿತು ಅಂತ ಈಗ ಅನ್ನಿಸುತ್ತದೆ. ಗೊತ್ತಾಗಿದ್ದರೆ ಬೀದಿಯಲ್ಲಿ ಅವರ ಮುಖ ನೋಡುವುದು ಕಷ್ಟವಾಗುತ್ತಿತ್ತು. ಬಂದ ದೂರುಗಳನ್ನು ಇಲಾಖೆ ತುರ್ತಿನ ಪ್ರಕಾರ ವಿಂಗಡಿಸುತ್ತದೆ. ಗಂಭೀರವಾದದ್ದಕ್ಕೆ 24 ಗಂಟೆಯೊಳಗೆ ಹೊರಡುತ್ತಾರೆ, ಎರಡನೇ ದರ್ಜೆಯದಕ್ಕೆ 72 ಗಂಟೆ. ನಮ್ಮದು ಎರಡನೆಯದು.

ಗಂಡ ಆಫೀಸಿನಿಂದ ಬಂದವರೇ ಲ್ಯಾಪ್‌ಟಾಪ್ ತೆಗೆದು ಕೂತರು. ಅವರ ತಲೆಯಲ್ಲಿ ಒಂದೇ ಯೋಚನೆ, ವೀಸಾ. ನಾವಿನ್ನೂ ಎಚ್-1ಬಿ ಮೇಲಿದ್ದೇವೆ. ಬೆಳಗ್ಗೆ ಇಬ್ಬರು ಲಾಯರ್‌ಗಳ ಹತ್ತಿರ ಮಾತಾಡಿದೆವು, ಒಬ್ಬರು ಕುಟುಂಬ ಕಾನೂನಿನವರು, ಇನ್ನೊಬ್ಬರು ವಲಸೆ ಕಾನೂನಿನವರು.

ವಲಸೆ ಲಾಯರ್ ಮಾತು ಚಿಕ್ಕದಾಗಿತ್ತು. ಮಕ್ಕಳನ್ನು ಹಿಂಸಿಸಿದ, ಅಲಕ್ಷಿಸಿದ ಅಥವಾ ತೊರೆದ ಅಪರಾಧಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾದರೆ, ಪೌರತ್ವ ಇಲ್ಲದವರನ್ನು ದೇಶದಿಂದ ಕಳಿಸಲು ಕಾನೂನಿನಲ್ಲಿ ಜಾಗ ಇದೆ. ಸಿಪಿಎಸ್ ವಿಚಾರಣೆ ಅದಲ್ಲ. ಅದು ಸಿವಿಲ್ ವಿಷಯ, ಬಂಧನವೂ ಅಲ್ಲ, ಕ್ರಿಮಿನಲ್ ಕೇಸೂ ಅಲ್ಲ. ಪೊಲೀಸರು ಕೇಸು ಹಾಕಿದರೆ ತಕ್ಷಣ ಫೋನ್ ಮಾಡಿ, ಇಲ್ಲದಿದ್ದರೆ ನೆಮ್ಮದಿಯಾಗಿರಿ ಅಂದರು. ನೆಮ್ಮದಿ ಅಷ್ಟು ಸುಲಭವಾಗಿ ಬರುತ್ತಾ?

ಕುಟುಂಬ ಲಾಯರ್ ಮಾತು ಜಾಸ್ತಿ ಉಪಯೋಗಕ್ಕೆ ಬಂತು. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಅಲಕ್ಷ್ಯ ಅನ್ನುವುದರ ವ್ಯಾಖ್ಯೆ ಬದಲಾಗಿದೆ. ಮೊದಲು ಮಗುವಿಗೆ ಗಣನೀಯ ಅಪಾಯದ ಸಾಧ್ಯತೆ ಇದ್ದರೂ ಸಾಕಿತ್ತು. ಈಗ ಮಗುವಿಗೆ ಹಾನಿ ಆಗಿರಬೇಕು, ಇಲ್ಲವೇ ಅಪಾಯ ಕಣ್ಣೆದುರಿಗೇ ಇರಬೇಕು. ಅಷ್ಟೇ ಅಲ್ಲ, ಏನಾದರೆ ನನಗೇನು ಅಂತ ಅಪ್ಪ ಅಮ್ಮ ಪೂರ್ತಿ ಕಡೆಗಣಿಸಿರಬೇಕು. ಮಗುವಿನ ಪ್ರಬುದ್ಧತೆ, ದೇಹಸ್ಥಿತಿ, ಬೆಳವಣಿಗೆ ಅಥವಾ ಅದರ ಸಂಸ್ಕೃತಿಗೆ ತಕ್ಕಂತೆ ತಾನಾಗಿ ಓಡಾಡಲು, ಆಡಲು ಬಿಡುವುದು ಅಲಕ್ಷ್ಯ ಅಲ್ಲ ಅಂತಲೂ ಬರೆದಿದ್ದಾರೆ. ಸಂಸ್ಕೃತಿ ಅಂತ ಕಾನೂನಿನಲ್ಲೇ ಇದೆಯಾ ಅಂತ ನಾನು ಎರಡು ಸಲ ಕೇಳಿದೆ. ಇದೆ ಅಂದರು. ಅತ್ತೆಗೆ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ.

ಆಮೇಲೆ ಒಂದು ಎಚ್ಚರಿಕೆ ಕೊಟ್ಟರು. ಈ ತಿದ್ದುಪಡಿ ಇರುವುದು ಫ್ಯಾಮಿಲಿ ಕೋಡ್‌ನಲ್ಲಿ. ಸಿಪಿಎಸ್ ಅದನ್ನು ನೋಡುತ್ತದೆ. ಪೊಲೀಸರು ನೋಡುವುದು ಪೀನಲ್ ಕೋಡ್, ಅಂದರೆ ದಂಡ ಸಂಹಿತೆ. ಅಲ್ಲಿ 15 ತುಂಬದ ಮಗುವನ್ನು ಅಪಾಯಕ್ಕೆ ಒಡ್ಡಿದರೆ ಅದು ಸಣ್ಣ ತಪ್ಪಲ್ಲ, ಫೆಲೊನಿ, ಅಂದರೆ ಗಂಭೀರ ಅಪರಾಧ. 2021ರ ಅಕ್ಟೋಬರ್‌ನಲ್ಲಿ, ಅಂದರೆ ಹೊಸ ಕಾನೂನು ಬಂದ ಮರುತಿಂಗಳೇ, ವೇಕೋ ನಗರದ ಪಕ್ಕದ ಊರಿನಲ್ಲಿ ಒಬ್ಬ ತಾಯಿಯನ್ನು ಬಂಧಿಸಿದರು. ಕಾರಿನಲ್ಲಿ ಗಲಾಟೆ ಮಾಡುತ್ತಿದ್ದ 8 ವರ್ಷದ ಮಗನನ್ನು ಮನೆಗೆ ಅರ್ಧ ಮೈಲಿ ಇರುವಾಗ ಇಳಿಸಿ, ನಡೆದುಕೊಂಡು ಬಾ ಅಂದಿದ್ದರು. ಅಷ್ಟಕ್ಕೆ ಕೈಕೋಳ, ಒಂದು ರಾತ್ರಿ ಜೈಲು. "ನಿಮ್ಮ ವಿಷಯದಲ್ಲಿ ಆಫೀಸರ್ ಸ್ಟಿಕ್ಕರ್ ಕೊಟ್ಟು ಹೋಗಿದ್ದಾರೆ, ಅದು ಒಳ್ಳೆಯ ಲಕ್ಷಣ" ಅಂದರು ಲಾಯರ್. ಆ ಸ್ಟಿಕ್ಕರನ್ನು ಮಗಳು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು. ಯಾರಾದರೂ ಕಿತ್ತಾರು ಅಂತ ನಾನೇ ಕಾವಲು ಕಾದೆ.

ಸಿಪಿಎಸ್‌ನವರು ಮೊದಲು ಮನೆಗೆ ಬರುತ್ತಾರೆ ಅಂದುಕೊಂಡಿದ್ದೆ. ಶಾಲೆಗೆ ಹೋದರು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ವಿಚಾರಣೆ ಮಾಡುವವರು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆಯೇ ಶಾಲೆಯಲ್ಲಿ ಮಗುವಿನ ಹತ್ತಿರ ಮಾತಾಡಬಹುದು. ಮಾತಾಡಿದ ಮೇಲೆ ನಮಗೆ ತಿಳಿಸಬೇಕು, ಅಷ್ಟೇ. ಮಧ್ಯಾಹ್ನ ಫೋನ್ ಬಂದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಆಮೇಲೆ ಆ ಮೀಟಿಂಗಿನಲ್ಲಿ ಏನಾಯಿತೋ ದೇವರಿಗೇ ಗೊತ್ತು.

ಸಂಜೆ ಕಾರಿನಲ್ಲಿ ಮಗ ಎಲ್ಲ ಹೇಳಿದ. ಅವನಿಗೆ ಇದು ದೊಡ್ಡ ಸಂಗತಿ ಅನ್ನಿಸಿರಲಿಲ್ಲ. "ಒಬ್ಬರು ಆಂಟಿ ಬಂದಿದ್ರಮ್ಮಾ. ರಾತ್ರಿ ಏನು ಊಟ ಮಾಡ್ತೀಯ ಅಂತ ಕೇಳಿದ್ರು. ಯಾರು ಯಾರ ಹತ್ತಿರ ಮಲಗ್ತಾರೆ ಅಂತ ಕೇಳಿದ್ರು."

"ಇನ್ನೇನು ಕೇಳಿದರು?"

"ತಪ್ಪು ಮಾಡಿದ್ರೆ ಮನೇಲಿ ಏನು ಮಾಡ್ತಾರೆ ಅಂತ."

"ನೀನೇನು ಹೇಳಿದೆ?"

"ಅಜ್ಜಿ ಕಥೆ ಅರ್ಧಕ್ಕೇ ನಿಲ್ಲಿಸಿಬಿಡ್ತಾರೆ ಅಂದೆ."

ಮಗಳ ಹತ್ತಿರವೂ ಮಾತಾಡಿದ್ದರಂತೆ. ಅವಳು ಆಮೆಯ ವಿಷಯ ಬಿಟ್ಟು ಬೇರೇನೂ ಹೇಳಿಲ್ಲ ಅಂತ ಕಾಣುತ್ತದೆ.

ಮಾರನೇ ದಿನ ಇನ್ವೆಸ್ಟಿಗೇಟರ್ ಮನೆಗೆ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್. ಬಾಗಿಲಲ್ಲೇ ನಿಂತು ಒಂದು ಹಾಳೆ ಕೊಟ್ಟರು. 2023ರ ಇನ್ನೊಂದು ಕಾನೂನಿನಿಂದ ಬಂದ ಹಾಳೆ ಅದು. ನಮ್ಮ ಹಕ್ಕುಗಳೆಲ್ಲ ಅದರಲ್ಲಿವೆ. ಲಾಯರ್ ಇಲ್ಲದೆ ಮಾತಾಡಲ್ಲ ಅನ್ನಬಹುದು. ಕೋರ್ಟ್ ಆದೇಶ ಇಲ್ಲದಿದ್ದರೆ ಒಳಗೆ ಬಿಡದಿರಬಹುದು. ಮಾತುಕತೆ ರೆಕಾರ್ಡ್ ಮಾಡಿಕೊಳ್ಳಬಹುದು. ವಿಚಾರಣೆಗೆ ಬಂದವರೇ ಇವನ್ನೆಲ್ಲ ಮೊದಲು ತಿಳಿಸಬೇಕು ಅಂತ ನಿಯಮ.

ಹಕ್ಕು ಇದೆ ಅಂತ ಗೊತ್ತಿರುವುದು ಒಂದು, ಬಾಗಿಲಲ್ಲಿ ನಿಂತವರ ಮುಖ ನೋಡಿ "ಒಳಗೆ ಬರಬೇಡಿ" ಅನ್ನುವುದು ಇನ್ನೊಂದು. ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುವ ಅಭ್ಯಾಸ ನಮಗೆಲ್ಲಿದೆ? ಲಾಯರ್ ಮೊದಲೇ ಹೇಳಿದ್ದರು, ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಒಳಗೆ ಬಿಡಿ, ಆದರೆ ಯಾವ ಕಾಗದಕ್ಕೂ ಅಲ್ಲೇ ಸಹಿ ಹಾಕಬೇಡಿ, ನನಗೆ ಕಳಿಸಿ. ನಾನು ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ, ಮಾಡುತ್ತಿದ್ದೇನೆ ಅಂತ ಹೇಳಿಯೇ ಟೇಬಲ್ ಮೇಲಿಟ್ಟೆ. ಆಕೆ ತಲೆಯಾಡಿಸಿದರು. ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡ್ ನೋಡಿ ತಾವಾಗಿಯೇ ಶೂ ಬಿಚ್ಚಿದರು. ಅತ್ತೆಗೆ ಆಕೆ ಅಲ್ಲೇ ಇಷ್ಟವಾಗಿಬಿಟ್ಟರು.

ಕುಡಿತ ಇದೆಯಾ, ಗಂಡ ಹೆಂಡತಿ ಜಗಳ ಆಗುತ್ತಾ, ಔಷಧಿ ಎಲ್ಲಿಡುತ್ತೀರಿ ಅಂತ ಒಂದೊಂದಾಗಿ ಕೇಳಿದರು. ಮನೆಯಲ್ಲಿ ಬಂದೂಕು ಇದೆಯಾ, ಬೀಗ ಹಾಕಿದೆಯಾ? ಇದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಾಗ ಅವರು ಬೆಚ್ಚಿಬಿದ್ದರು. "ನಮ್ಮನೇಲಿ ಆಯುಧಪೂಜೆಗೂ ಕುಡುಗೋಲೇ ಕಣಮ್ಮಾ ಇಡೋದು" ಅಂದರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಆಮೇಲೆ ಮನೆ ನೋಡಿದರು. ಹೊಗೆ ಬಂದರೆ ಕೂಗುವ ಅಲಾರಂ ಒತ್ತಿ ನೋಡಿದರು. ಫ್ರಿಜ್ ತೆಗೆದರು. ಹುಳಿ, ಮೊಸರು, ದೋಸೆ ಹಿಟ್ಟು, ಕಾಲು ಭಾಗ ತೆಂಗಿನ ಹೋಳು, ಅದರ ಮೇಲೊಂದು ಸ್ಟೀಲ್ ತಟ್ಟೆ. ಮಕ್ಕಳ ರೂಮಿನಲ್ಲಿ ಎರಡು ಮಂಚ ಇದ್ದರೂ ಹಾಸಿಗೆ ಮಡಿಕೆ ಕೆಟ್ಟಿರಲಿಲ್ಲ. ಯಾಕೆ ಅಂತ ಕೇಳಿದರು. ಅಜ್ಜಿ ಬಂದಾಗಿನಿಂದ ಇಬ್ಬರೂ ಅಜ್ಜಿ ರೂಮಿನಲ್ಲಿ ನೆಲದ ಮೇಲೆ ಮಲಗುತ್ತಾರೆ ಅಂದೆ. ಬರೆದುಕೊಂಡರು. ನೆಲ ಅನ್ನುವುದನ್ನು ಹೇಗೆ ಬರೆದುಕೊಂಡರೋ ಅಂತ ಅವತ್ತು ರಾತ್ರಿಯೆಲ್ಲ ಕೊರೆಯಿತು. ದೇವರ ಗೂಡಿನ ದೀಪ ಎಷ್ಟು ಹೊತ್ತು ಉರಿಯುತ್ತದೆ, ಬೆಂಕಿಪೊಟ್ಟಣ ಎಲ್ಲಿರುತ್ತದೆ ಅಂತಲೂ ಕೇಳಿದರು.

ಆಕೆ ನಿಜವಾಗಿ ನಿಂತದ್ದು ಅಡುಗೆಮನೆಯಲ್ಲಿ. ಅತ್ತೆ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದಿದ್ದ ಈಳಿಗೆಮಣೆ ಅಲ್ಲಿ ನೆಲದ ಮೇಲೆ, ಗೋಡೆಗೆ ಒರಗಿಕೊಂಡಿತ್ತು. ಬಾಗಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಮಕ್ಕಳಿರುವ ಮನೆಯ ನೆಲದ ಮೇಲೆ ಇದೇನು ಅಂತ ಆಕೆಯ ಕಣ್ಣು ಕೇಳುತ್ತಿತ್ತು. ನಾನು ವಿವರಿಸಲು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಸೀರೆ ಸರಿ ಮಾಡಿಕೊಂಡು ಮಣೆ ಮೇಲೆ ಕೂತೇಬಿಟ್ಟರು. ಒಂದು ಹಿಡಿ ಬೀನ್ಸ್ ತೆಗೆದುಕೊಂಡು ಕಚಕಚ ಅಂತ ಹೆಚ್ಚಿ ತೋರಿಸಿದರು. ಎಲ್ಲ ಒಂದೇ ಅಳತೆ. ಆಕೆ ಕೂತು ಹತ್ತಿರದಿಂದ ನೋಡಿದರು. ಆಮೇಲೆ ಎದ್ದು, ಇದನ್ನು ಮೇಲಿನ ಶೆಲ್ಫಿನಲ್ಲಿ ಇಡಬಹುದಾ ಅಂತ ಕೇಳಿದರು. ಇಡುತ್ತೇವೆ ಅಂದೆ. ಪ್ರತಿ ಸಲ ಅದನ್ನು ಇಳಿಸುವಾಗ ಅತ್ತೆ ಏನೇನೋ ಗೊಣಗುತ್ತಿದ್ದರು. ಆದರೆ ಊರಿಗೆ ಹೋಗುವ ತನಕ ಅದು ಮೇಲೇ ಇತ್ತು.

ಕೊನೆಗೆ ಮಗನನ್ನು ಕರೆದು, ಪಾರ್ಕಿಗೆ ಹೇಗೆ ಹೋಗುತ್ತೀಯ ಅಂತ ಕೇಳಿದರು. ಅವನು ಹೇಳುವ ಬದಲು ನೋಟ್‌ಬುಕ್ ತಂದು ನಕ್ಷೆ ಬರೆದ. ಮನೆ, ಬೊಗಳುವ ನಾಯಿ ಇರುವ ಮನೆ, ಸ್ಟಾಪ್ ಸೈನ್. ಸ್ಟಾಪ್ ಸೈನ್ ಪಕ್ಕದಲ್ಲಿ ಒಂದು ಕಾರು, ಒಳಗೆ ಎರಡು ದೊಡ್ಡ ಕಣ್ಣು. "ಡ್ರೈವರ್ ನನ್ನನ್ನು ನೋಡಿದ್ರೆ ಮಾತ್ರ ದಾಟೋದು" ಅಂತ ವಿವರಿಸಿದ. ತಂಗಿಯ ಕೈ ಯಾವಾಗಲೂ ಒಳಗಡೆಗೆ, ರಸ್ತೆ ಕಡೆಗಲ್ಲ. ಯಾರಾದರೂ ಕಾರು ನಿಲ್ಲಿಸಿ ಕರೆದರೆ? ನಾಯಿ ಮನೆಯ ತಾತನ ಹತ್ತಿರ ಓಡುವುದು. ಆಕೆ ಆ ನಕ್ಷೆಯ ಫೋಟೋ ತೆಗೆದುಕೊಂಡರು.

ಹೊರಡುವ ಮುಂಚೆ, ಹಳ್ಳ ಎಲ್ಲಿದೆ ತೋರಿಸಿ ಅಂದರು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ನಾವಿಬ್ಬರೂ ನಡೆದುಕೊಂಡು ಹೋದೆವು. ದಡದಿಂದ ಇಳಿದು ನೀರು ಎಷ್ಟಿದೆ ಅಂತ ಆಕೆಯೇ ನೋಡಿದರು. ಪಾದದ ಗಂಟಿನ ತನಕವೂ ಇರಲಿಲ್ಲ. ಫೋನ್ ಮಾಡಿದವರಿಗೆ ಕಂಡಿದ್ದು ದೊಡ್ಡವರಿಲ್ಲದ ಇಬ್ಬರು ಮಕ್ಕಳು ಮತ್ತು ನೀರು. ಕಾನೂನು ಕೇಳುವುದು ಯಾವ ಮಕ್ಕಳು, ಎಷ್ಟು ನೀರು ಅಂತ. ಅಷ್ಟನ್ನು ಆಕೆ ಕಾಲು ಸವೆಸಿ ನೋಡಿದರಲ್ಲ, ಆಗ ನನಗೆ ಮೊದಲ ಸಲ ಸರಿಯಾಗಿ ಉಸಿರು ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮನ್ನು ಬಲ್ಲ ಬೇರೆಯವರ ಹತ್ತಿರವೂ ಮಾತಾಡಬೇಕು. ಕ್ಲಾಸ್ ಟೀಚರ್, ಮಕ್ಕಳ ಡಾಕ್ಟರ್, ಒಬ್ಬರು ನೆರೆಯವರು. ಟೀಚರ್‌ಗೆ ಗೊತ್ತಾಗುತ್ತದೆ ಅನ್ನುವುದೇ ನನಗೆ ದೊಡ್ಡ ಅವಮಾನ ಅನ್ನಿಸಿತ್ತು. ವಾಟ್ಸಾಪಿನಲ್ಲಿ ಯಾರಿಗೂ ಹೇಳಬಾರದು ಅಂದುಕೊಂಡಿದ್ದೆ. ಹೇಳದೆ ಇರಲೂ ಆಗಲಿಲ್ಲ. ಒಬ್ಬ ಗೆಳತಿಗೆ ಹೇಳಿದೆ. ಅವಳು, "ನಮ್ಮನೆಗೂ ಬಂದಿದ್ರು ಕಣೇ" ಅಂದಳು. ಮಗ ಆಡುವಾಗ ಬಿದ್ದು ತೋಳಿನ ಮೂಳೆ ಮುರಿದಿತ್ತು, ಆಸ್ಪತ್ರೆಯಿಂದ ದೂರು ಹೋಗಿತ್ತು. ಎರಡು ವರ್ಷ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಅಮೆರಿಕದಲ್ಲಿ 18 ತುಂಬುವಷ್ಟರಲ್ಲಿ ಸುಮಾರು 37% ಮಕ್ಕಳ ಮನೆಗೆ ಇಂಥ ಒಂದಾದರೂ ವಿಚಾರಣೆ ಬಂದಿರುತ್ತದೆ ಅಂತ 2017ರಲ್ಲಿ ಬಂದ ಒಂದು ಅಧ್ಯಯನ ಅಂದಾಜು ಮಾಡಿದೆ. ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಇಷ್ಟು ಜನರ ಮನೆಗೆ ಬರುವ ವಿಷಯವನ್ನು ಎಲ್ಲರೂ ಮುಚ್ಚಿಟ್ಟುಕೊಂಡು ಓಡಾಡುತ್ತಾರೆ.

ವಿಷಯ ಗುಂಪಿಗೆ ಹೋಯಿತು. ಬೇರೆ ಬೇರೆ ರಾಜ್ಯದಲ್ಲಿರುವ ಗೆಳತಿಯರ ಫೋನ್ ಶುರುವಾಯಿತು. ಒಬ್ಬೊಬ್ಬರದೂ ಒಂದೊಂದು ಕಾನೂನು. ಮೇರಿಲ್ಯಾಂಡ್‌ನವಳು, ನಮ್ಮಲ್ಲಿ 8 ವರ್ಷದ ಒಳಗಿನ ಮಗುವನ್ನು ಮನೆ ಅಥವಾ ಕಾರಿನಲ್ಲಿ ಬಿಟ್ಟು ಹೋಗುವಂತಿಲ್ಲ, ಜೊತೆಗೆ 13 ತುಂಬಿದ ನಂಬಿಕಸ್ಥರು ಇರಬೇಕು ಅಂದಳು. ಪಾರ್ಕಿನ ಬಗ್ಗೆ ಆ ಕಾನೂನಿನಲ್ಲಿ ಒಂದು ಅಕ್ಷರವೂ ಇಲ್ಲ. ಆದರೂ ಅಲ್ಲಿಯ ಸಿಲ್ವರ್ ಸ್ಪ್ರಿಂಗ್‌ನಲ್ಲಿ 2014ರ ಡಿಸೆಂಬರ್‌ನಲ್ಲಿ 10 ಮತ್ತು 6 ವರ್ಷದ ಅಣ್ಣ ತಂಗಿ ಪಾರ್ಕಿನಿಂದ ನಡೆದು ಬರುತ್ತಿದ್ದಾಗ ಪೊಲೀಸರು ತಡೆದರು. 2015ರ ಏಪ್ರಿಲ್‌ನಲ್ಲಿ ಮತ್ತೆ ಹಿಡಿದು ಗಂಟೆಗಟ್ಟಲೆ ಇಟ್ಟುಕೊಂಡರು. ಕೊನೆಗೆ ಆ ಅಪ್ಪ ಅಮ್ಮನ ಮೇಲೆ ಏನೂ ನಿಲ್ಲಲಿಲ್ಲ. ನಮ್ಮ ಮಕ್ಕಳದೇ ಜೋಡಿಯ ಥರ ಇದೆ ಅಲ್ವಾ, ಅದಕ್ಕೇ ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಲಿನಾಯ್ಸ್‌ನಲ್ಲಿ ಮಕ್ಕಳನ್ನು ಒಬ್ಬರೇ ಬಿಡುವ ವಿಷಯದಲ್ಲಿ 14 ವರ್ಷ ಅಂತ ಕಾನೂನಿನಲ್ಲೇ ಬರೆದಿತ್ತು, ಆ ಅಂಕಿಯನ್ನು 2023ರಲ್ಲಿ ತೆಗೆದರು. ಜಾರ್ಜಿಯಾದಲ್ಲಿ 2024ರಲ್ಲಿ, 10 ವರ್ಷದ ಹುಡುಗ ಒಬ್ಬನೇ ಪೇಟೆಗೆ ನಡೆದು ಹೋದ ಅಂತ ತಾಯಿಗೆ ಕೈಕೋಳ ಹಾಕಿದ್ದರು. ಮರುವರ್ಷ ಅಲ್ಲೂ ಮಕ್ಕಳ ಸ್ವಾತಂತ್ರ್ಯದ ಕಾನೂನು ಬಂತು.

ಇಂಥ ಕಾನೂನು ಮೊದಲು ಬಂದದ್ದು ಯೂಟಾದಲ್ಲಿ, 2018ರಲ್ಲಿ. ಇದರ ಹಿಂದೆ ಲೆನೋರ್ ಸ್ಕೆನೇಜಿ ಅನ್ನುವ ಪತ್ರಕರ್ತೆಯ ಪ್ರಯತ್ನ ಇದೆ. 2008ರಲ್ಲಿ ತಮ್ಮ 9 ವರ್ಷದ ಮಗನನ್ನು ನ್ಯೂಯಾರ್ಕ್ ಮೆಟ್ರೋ ರೈಲಿನಲ್ಲಿ ಒಬ್ಬನೇ ಮನೆಗೆ ಬರಲು ಬಿಟ್ಟು, ಅದನ್ನು ಬರೆದು, ದೇಶವೆಲ್ಲ ಬೈಸಿಕೊಂಡವರು. ಈಗ ಲೆಟ್ ಗ್ರೋ ಅನ್ನುವ ಸಂಸ್ಥೆ ನಡೆಸುತ್ತಾರೆ. ಇಲ್ಲಿಯ ಹೆದರಿಕೆಯೆಲ್ಲ ಅಪರಿಚಿತರು ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ ಅನ್ನುವುದು. ಹಾಗೆ ಅಪರಿಚಿತರೇ ದೂರ ಹೊತ್ತೊಯ್ಯುವ ಗಂಭೀರ ಪ್ರಕರಣಗಳು ಇಷ್ಟು ದೊಡ್ಡ ದೇಶದಲ್ಲಿ ವರ್ಷಕ್ಕೆ ಸುಮಾರು 100 ಅಂತ ಸರ್ಕಾರ ಮಾಡಿಸಿದ ಅಧ್ಯಯನವೇ ಹೇಳಿದೆ. ನೂರೂ ಕಮ್ಮಿಯಲ್ಲ, ಅದು ನನಗೆ ಗೊತ್ತು. ಆದರೆ ನನ್ನ ಮಕ್ಕಳಿಗೆ ನಿಜವಾದ ಅಪಾಯ ಇರುವುದು ಕಾರುಗಳಿಂದ. ಅದರಲ್ಲಿ ಎಷ್ಟೋ, ಮಕ್ಕಳನ್ನು ಸುರಕ್ಷಿತವಾಗಿ ಶಾಲೆಗೆ ಬಿಡಲು ಹೊರಟ ಕಾರುಗಳು.

ತುಮಕೂರಿನಲ್ಲಿ ವಕೀಲಿಕೆ ಮಾಡುವ ಮೈದುನ ಫೋನ್ ಮಾಡಿದಾಗ ಒಂದು ಮಾತು ಹೇಳಿದ. "ಅತ್ತಿಗೆ, ನಮ್ಮಲ್ಲೂ ಕಾನೂನಿದೆ. 2015ರ ಬಾಲನ್ಯಾಯ ಕಾಯ್ದೆ, 75ನೇ ಸೆಕ್ಷನ್. ಮಗುವನ್ನ ಬೇಕಂತ ಅಲಕ್ಷ್ಯ ಮಾಡಿ ನೋವು ಕೊಟ್ರೆ ಮೂರು ವರ್ಷದ ತನಕ ಜೈಲು, ಇಲ್ಲ ಒಂದು ಲಕ್ಷ ದಂಡ, ಇಲ್ಲ ಎರಡೂ. 1098ಕ್ಕೆ ಯಾರು ಬೇಕಾದ್ರೂ ಫೋನ್ ಮಾಡಬಹುದು. ಮಕ್ಕಳು ಬೀದೀಲಿ ಆಡ್ತಿದಾರೆ ಅಂತ ಇಲ್ಲಿ ಯಾರೂ ಮಾಡಲ್ಲ, ಅಷ್ಟೆ." ಅದೂ ಎಷ್ಟು ದಿನವೋ. ಬೆಂಗಳೂರಿನ ನನ್ನ ಅಕ್ಕನ ಮಕ್ಕಳು ಅಪಾರ್ಟ್‌ಮೆಂಟ್ ಗೇಟ್ ದಾಟಿ ಒಬ್ಬರೇ ಹೋದವರಲ್ಲ. ಅಲ್ಲಿ ತಡೆಯುವುದು ಕಾನೂನಲ್ಲ, ಟ್ರಾಫಿಕ್ಕು ಮತ್ತು ಬೀದಿನಾಯಿ.

ಎದುರು ಬೀದಿಯ ನಾಯಿ ಮನೆಯ ತಾತ ನಿವೃತ್ತ ಲಾರಿ ಡ್ರೈವರ್. ಮಾತು ಕಮ್ಮಿ. ಇನ್ವೆಸ್ಟಿಗೇಟರ್ ಅವರ ಹತ್ತಿರ ಹೋಗಿದ್ದು ಅವರೇ ಹೇಳಿದ ಮೇಲೆ ಗೊತ್ತಾಯಿತು. ಕಸದ ಡಬ್ಬಿ ಒಳಗೆಳೆದುಕೊಳ್ಳುವಾಗ ನನ್ನನ್ನು ನೋಡಿ, ನಾನು ಆ ವಯಸ್ಸಿನಲ್ಲಿ ಇದೇ ಹಳ್ಳದಲ್ಲಿ ಮೀನು ಹಿಡಿಯುತ್ತಿದ್ದೆ ಅಂತ ಹೇಳಿ ಕಳಿಸಿದೆ ಅಂದರು. ಮಗ ದಿನಾ ಹೋಗುವಾಗ ಅವರಿಗೆ ಕೈ ಬೀಸುತ್ತಾನೆ. ಅದಷ್ಟೇ ಪರಿಚಯ. ಅಷ್ಟು ಸಾಕಾಯಿತು.

ವಿಚಾರಣೆ ನಡೆಯುವಾಗ ಮಕ್ಕಳನ್ನು ಹೊರಗೆ ಕಳಿಸಬೇಕೋ ಬೇಡವೋ ಅಂತ ಮನೆಯಲ್ಲಿ ಜಗಳವೇ ಆಯಿತು. ಕೇಸು ಮುಗಿಯುವ ತನಕ ಸುಮ್ನೆ ಇರೋಣ ಅಂತ ಗಂಡ. ಕಳಿಸದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ನಾನು. ಲಾಯರ್ ಗಂಡನ ಕಡೆ. ನಾನು ಸೋತೆ. ಮಕ್ಕಳು ಹಿತ್ತಲಿನಲ್ಲಿ ಆಡಿದರು, ಬೇಲಿಯ ಒಳಗೆ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಜೈಲೇ ವಾಸಿ" ಅನ್ನುತ್ತಿದ್ದರು.

ಒಂದು ತಿಂಗಳು ದಾಟಿದ ಮೇಲೆ ಕಾಗದ ಬಂತು. ಟೆಕ್ಸಾಸ್‌ನಲ್ಲಿ ತೀರ್ಮಾನ ಕೆಲವು ಬಗೆ. ನಡೆದಿದೆ ಅಂತ ನಂಬಲು ಕಾರಣ ಇದೆ ಅನ್ನುವುದು ಒಂದು, ಹೇಳಲಾಗದು ಅನ್ನುವುದು ಇನ್ನೊಂದು. ನಮ್ಮದು 'ರೂಲ್ಡ್ ಔಟ್'. ಅಲಕ್ಷ್ಯ ನಡೆದಿಲ್ಲ ಅಂತ ಅರ್ಥ. ಕಾಗದದಲ್ಲಿ ಇಷ್ಟೇ ಇತ್ತು, ಕ್ಷಮೆ ಗಿಮೆ ಏನಿಲ್ಲ. ಅದನ್ನು ಅಲ್ಲಿಗೇ ಬಿಡಬಾರದು. ತಪ್ಪಿಲ್ಲ ಅಂತ ತೀರ್ಮಾನವಾದವರು ತಮ್ಮ ಹೆಸರಿನ ವಿವರವನ್ನು ಇಲಾಖೆಯ ದಾಖಲೆಯಿಂದ ತೆಗೆಸಲು ಅರ್ಜಿ ಹಾಕಬಹುದು. ತಾನಾಗಿ ಯಾರೂ ತೆಗೆಯುವುದಿಲ್ಲ, ಕೇಳಬೇಕು. ನನ್ನ ಗೆಳತಿ ಕೇಳಿರಲೇ ಇಲ್ಲ. ಅದು ಆಗುತ್ತದೆ ಅಂತ ಅವಳಿಗೆ ಗೊತ್ತಾಗಿದ್ದೇ ನನ್ನಿಂದ. ನಾವು ಅದೇ ವಾರ ಕಳಿಸಿದೆವು, ರಿಜಿಸ್ಟರ್ಡ್ ಅಂಚೆಯಲ್ಲಿ, ನಕಲು ಇಟ್ಟುಕೊಂಡು.

ಈಗ ಮಕ್ಕಳು ಮತ್ತೆ ಪಾರ್ಕಿಗೆ ಹೋಗುತ್ತಾರೆ. ಮಗನ ಜೇಬಿನಲ್ಲಿ ಒಂದು ಕಾರ್ಡ್ ಇದೆ. ನಾವು ಕಳೆದುಹೋಗಿಲ್ಲ, ಅಮ್ಮನಿಗೆ ಗೊತ್ತಿದೆ, ಬೇಕಿದ್ದರೆ ಈ ನಂಬರ್‌ಗೆ ಫೋನ್ ಮಾಡಿ ಅಂತ ಬರೆದಿದ್ದೇನೆ. ಕೆಳಗೆ ಫ್ಯಾಮಿಲಿ ಕೋಡ್‌ನ ಸೆಕ್ಷನ್ ನಂಬರ್ ಕೂಡ ಹಾಕಿಸೋಣ ಅಂತ ಗಂಡ ಹೇಳಿದರು. 9 ವರ್ಷದ ಹುಡುಗನ ಜೇಬಿನಲ್ಲಿ ಸೆಕ್ಷನ್ ನಂಬರಾ ಅಂತ ನಕ್ಕೆ. ಆಮೇಲೆ ಹಾಕಿಸಿದೆ.